ಪ್ರಶಸ್ತಿ ಪಟ್ಟಿ ಕೊನೆಗಿರಲಿ: ನಿಮ್ಮೂರಿನ ಲೇಖಕರ ಬದುಕನ್ನು ಬರೆಯುವುದು ಹೇಗೆ?

ಕಲಬುರಗಿಯ ಯಾವುದಾದರೂ ಸನ್ಮಾನ ಸಮಾರಂಭಕ್ಕೆ ಹೋಗಿ ಕುಳಿತುಕೊಳ್ಳಿ. ನಿರೂಪಕರು ಒಂದು ಹಾಳೆ ಹಿಡಿದು ಓದುತ್ತಾರೆ. ಇಂಥ ತಾಲೂಕು, ಇಂಥ ಗ್ರಾಮ, ತಂದೆ ಇಂಥವರು, ಎಂ.ಎ., ಬಿ.ಇಡಿ., ಆಮೇಲೆ ಹನ್ನೆರಡು ಪುಸ್ತಕಗಳ ಹೆಸರು, ಹದಿನಾಲ್ಕು ಪ್ರಶಸ್ತಿ. ಶಾಲು, ಹಾರ, ಫೋಟೋ. ಮುಂದಿನ ವಾರ ಅದೇ ಹಾಳೆ ಎಲ್ಲೋ ಒಂದು ಕಡೆ ಲೇಖನವಾಗಿ ಅಚ್ಚಾಗುತ್ತದೆ. ಆ ಮನುಷ್ಯ ಯಾವ ಹೊತ್ತಿನಲ್ಲಿ ಬರೆದ, ಯಾವ ಹಾಳೆಯ ಮೇಲೆ ಬರೆದ, ಬರೆಯುತ್ತಾ ಮನೆ ಹೇಗೆ ನಡೆಸಿದ, ಒಂದೂ ತಿಳಿಯುವುದಿಲ್ಲ.

ನಾನೂ ಅಂಥ ಲೇಖನ ಬರೆದವನೇ. ಬ್ರಹ್ಮಪುರದ ಓಣಿಯಲ್ಲಿದ್ದ ಒಬ್ಬ ಸಾಲಿ ಮಾಸ್ತರರ ಬಗ್ಗೆ. ನಾಲ್ಕು ಕವನ ಸಂಕಲನ ತಂದವರು, ಎಂಬತ್ತು ದಾಟಿದವರು. ಮೊದಲ ಸಲ ಬರೆದದ್ದನ್ನು ಈಗ ತೆಗೆದು ಓದಿದರೆ ನಾಚಿಕೆಯಾಗುತ್ತದೆ. ಎರಡನೇ ಸಲ ಬರೆದಾಗ ಸ್ವಲ್ಪ ಸುಧಾರಿಸಿದೆ. ಈ ಎರಡರ ನಡುವೆ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಅಂದಹಾಗೆ, ನಮ್ಮ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಆ ಆಸ್ಥಾನದಲ್ಲಿ, ಒಂಬತ್ತನೇ ಶತಮಾನದಲ್ಲಿ. ಅದನ್ನು ಬರೆದವನು ದೊರೆ ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ ಅಂತ ವಿದ್ವಾಂಸರು ವಾದ ಮಾಡಿ ಮಾಡಿ ದಣಿದಿದ್ದಾರೆ. ಲೇಖಕರ ವಿವರ ಬರೆದಿಡದೆ ಬಿಡುವ ಚಟ ನಮಗೆ ಇವತ್ತಿನದಲ್ಲ.

1. ನಡೆದು ಹೋಗುವಷ್ಟು ಹತ್ತಿರದವರನ್ನು ಆರಿಸಿ

ಗೀತಾ ನಾಗಭೂಷಣ, ಚೆನ್ನಣ್ಣ ವಾಲೀಕಾರ ಇಂಥ ಹೆಸರಾದ ಲೇಖಕರ ಬಗ್ಗೆ ಬರೆಯಲು ಜನ ಇದ್ದಾರೆ. ನೀವು ಹುಡುಕಬೇಕಾದದ್ದು ಮೂರೋ ನಾಲ್ಕೋ ಪುಸ್ತಕ ಬರೆದು ಸುಮ್ಮನೆ ಮನೆಯಲ್ಲಿ ಕುಳಿತವರನ್ನು. ಶಹಾಬಜಾರದಲ್ಲಿ ಇರಬಹುದು, ಬೀದರಿನ ಯಾವುದೋ ಓಣಿಯಲ್ಲಿ ಇರಬಹುದು, ಸುರಪುರದಲ್ಲಿ ಇರಬಹುದು. ಎರಡು, ಮೂರು, ನಾಲ್ಕು ಸಲ ಹೋಗಬೇಕಾಗುತ್ತದೆ. ಹಾಗಾಗಿ ಮನೆ ಹತ್ತಿರ ಇದ್ದರೆ ಒಳ್ಳೆಯದು.

ವಯಸ್ಸು 75 ದಾಟಿದ್ದರೆ ‘ದೀಪಾವಳಿ ಆದ ಮೇಲೆ ಹೋಗೋಣ’ ಅನ್ನಬೇಡಿ.

ಮದುವೆಗೆ ಮುಂಚೆ ನಾಲ್ಕು ಕಥೆ ಅಚ್ಚು ಮಾಡಿಸಿ ಆಮೇಲೆ ನಿಲ್ಲಿಸಿದ ಹೆಣ್ಣುಮಕ್ಕಳನ್ನೂ ಹುಡುಕಿ. ಪುಸ್ತಕ ಇಲ್ಲ ಅಂತ ಅವರ ಹೆಸರು ಯಾವ ಪಟ್ಟಿಗೂ ಬಂದಿರುವುದಿಲ್ಲ. ತತ್ವಪದ ಹಾಡುವವರಲ್ಲೂ ಕೇಳಿ ನೋಡಿ. ಕಡಕೋಳ ಮಡಿವಾಳಪ್ಪನ ಪದಗಳನ್ನು ಹಾಡುತ್ತಾ ಹಾಡುತ್ತಾ ತಾವೇ ಒಂದೆರಡು ಪದ ಕಟ್ಟಿದವರು ಭಜನೆಯ ಗುಂಪಿನಲ್ಲಿ ಸಿಗುತ್ತಾರೆ. ಅವರ ಬರಹ ಹಾಳೆಯ ಮೇಲೆ ಇರುವುದಿಲ್ಲ, ಬಾಯಲ್ಲೇ ಇರುತ್ತದೆ.

2. ಮನೆಗೆ ಹೋಗುವ ಮುಂಚೆ ಪುಸ್ತಕ ಓದಿ

ಇದನ್ನು ಜೋರಾಗಿ ಹೇಳುತ್ತೇನೆ. ಒಮ್ಮೆ ಒಬ್ಬ ಹಿರಿಯರ ಮುಂದೆ ಕುಳಿತು, ‘ಸರ್, ನಿಮ್ಮ ಕಾದಂಬರಿ ಯಾವ ವರ್ಷದ್ದು?’ ಅಂದೆ. ಅವರು ಚಹಾದ ಕಪ್ಪು ಕೆಳಗಿಟ್ಟು, ‘ನಾ ಕಾದಂಬರಿ ಬರ್ದೇ ಇಲ್ಲಲ್ಲೋ ತಮ್ಮಾ’ ಅಂದರು. ಅದೇ ಹೆಸರಿನ ಇನ್ನೊಬ್ಬರ ಪುಸ್ತಕ ಅದು. ಆ ದಿನ ಮುಂದೆ ಯಾವ ಮಾತೂ ಬೆಳೆಯಲಿಲ್ಲ.

ಹಳೆಯ ಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯ, ಗುಲಬರ್ಗಾ ವಿಶ್ವವಿದ್ಯಾಲಯದ ಗ್ರಂಥಾಲಯ, ಸಾಹಿತ್ಯ ಪರಿಷತ್ತಿನ ಜಿಲ್ಲಾ ಘಟಕ ಮೊದಲು ನೋಡಿ. ಅಲ್ಲಿ ಇಲ್ಲದಿದ್ದರೆ ಅವರ ಜೊತೆ ಕೆಲಸ ಮಾಡಿದ ಮಾಸ್ತರರ ಮನೆಯ ಕಪಾಟಿನಲ್ಲಿ ಇರುತ್ತದೆ.

ಪುಸ್ತಕ ಸಿಕ್ಕ ತಕ್ಷಣ ಕವಿತೆಗೆ ಹೋಗಬೇಡಿ. ಮೊದಲ ನಾಲ್ಕು ಪುಟಗಳಲ್ಲಿ ನಿಲ್ಲಿ. ಪ್ರಥಮ ಮುದ್ರಣ ಯಾವಾಗ, ಎಷ್ಟು ಪ್ರತಿ, ಬೆಲೆ ಎಷ್ಟು, ಪ್ರಕಾಶಕರು ಯಾರು, ಯಾವ ಊರಿನ ಮುದ್ರಣಾಲಯ, ಅರ್ಪಣೆ ಯಾರಿಗೆ. ಇಷ್ಟನ್ನೂ ನೋಟುಬುಕ್ಕಿನಲ್ಲಿ ಇಳಿಸಿಕೊಳ್ಳಿ. ಪ್ರಕಾಶಕರ ವಿಳಾಸವೂ ಲೇಖಕರ ಮನೆಯ ವಿಳಾಸವೂ ಒಂದೇ ಆಗಿದ್ದರೆ ಕೈಯಿಂದ ರೊಕ್ಕ ಹಾಕಿ ಅಚ್ಚು ಮಾಡಿಸಿದ್ದಾರೆ ಅಂತ ಅರ್ಥ. ಆ ರೊಕ್ಕ ಎಲ್ಲಿಂದ ಬಂತು? ನಿಮ್ಮ ಮೊದಲ ಒಳ್ಳೆಯ ಪ್ರಶ್ನೆ ಅಲ್ಲೇ ಸಿಕ್ಕಿತು. ಕಲಬುರಗಿಯ ಲೇಖಕರ ಪುಸ್ತಕ ಗದಗದಲ್ಲೋ ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಅಚ್ಚಾಗಿದ್ದರೆ, ಕರಡು ತಿದ್ದಲು ಅಲ್ಲಿಗೆ ಹೇಗೆ ಹೋಗುತ್ತಿದ್ದರು? ಎರಡನೇ ಪ್ರಶ್ನೆ.

ಆಮೇಲೆ ಪುಸ್ತಕಗಳನ್ನು ಬಂದ ಕ್ರಮದಲ್ಲೇ ಓದಿ. ಎಂಟು ವರ್ಷ ಏನೂ ಬರದೇ ಇದ್ದ ಕಾಲ ಕಂಡರೆ ಗುರುತು ಹಾಕಿ. ಬರೆದದ್ದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಬರೆಯದ ವರ್ಷಗಳ ಬಗ್ಗೆ ಯಾರೂ ಕೇಳಿರುವುದಿಲ್ಲ.

3. ಕಾಲಪಟ್ಟಿ ಹಾಕಿ, ತಾರೀಕನ್ನು ನಂಬಬೇಡಿ

ಒಂದು ದೊಡ್ಡ ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಒಂದು ಅವರ ಬದುಕು, ಇನ್ನೊಂದು ಅವರ ಪುಸ್ತಕ, ಮೂರನೆಯದು ನಮ್ಮ ಭಾಗದಲ್ಲಿ ಆದದ್ದು.

ಹಿರಿಯರು ಇಸವಿ ಹೇಳುವುದು ಕಡಿಮೆ. ‘ರಜಾಕಾರರ ಗದ್ದಲದಾಗ’, ‘ಪೊಲೀಸ್ ಆಕ್ಷನ್ ಆದ ಮ್ಯಾಲ’, ‘ದೊಡ್ಡ ಬರ ಬಿತ್ತಲ್ಲ, ಆಗ’ ಅನ್ನುತ್ತಾರೆ. ಹಾಗಾಗಿ ಕೆಲವು ಗೂಟ ನೀವೇ ಹೊಡೆದುಕೊಂಡಿರಬೇಕು. ರಜಾಕಾರರು ಅಂದರೆ ನಿಜಾಮರ ಪರ ನಿಂತ ಪಡೆ. ಪೊಲೀಸ್ ಆಕ್ಷನ್ ಅನ್ನುವ ಸೇನಾ ಕಾರ್ಯಾಚರಣೆ ನಡೆದು ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17. ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1. ದೊಡ್ಡ ಬರ 1972. ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾದದ್ದು 1980. ಸಾಹಿತ್ಯ ಸಮ್ಮೇಳನಗಳೂ ಒಳ್ಳೆಯ ಗೂಟಗಳೇ. ಕಲಬುರಗಿಯಲ್ಲಿ 1928ರಲ್ಲಿ ಬಿ.ಎಂ. ಶ್ರೀಕಂಠಯ್ಯ, 1949ರಲ್ಲಿ ಉತ್ತಂಗಿ ಚನ್ನಪ್ಪ, 1987ರಲ್ಲಿ ಸಿದ್ದಯ್ಯ ಪುರಾಣಿಕ, 2020ರಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರಾಗಿದ್ದರು. ಬೀದರಿನಲ್ಲಿ 2006ರಲ್ಲಿ ಶಾಂತರಸರು. ‘ಪುರಾಣಿಕರ ಸಮ್ಮೇಳನದಾಗ ನಾ ಕವಿತಾ ಓದೀನಿ’ ಅಂದರೆ ನಿಮಗೆ ಇಸವಿ ಸಿಕ್ಕಿತಲ್ವಾ?

ಇನ್ನು ಹುಟ್ಟಿದ ದಿನ. ದಾಖಲೆಯಲ್ಲಿ ಜೂನ್ 1 ಅಂತಿದ್ದರೆ ಜೋಪಾನ. ಸಾಲಿಗೆ ಸೇರಿಸುವಾಗ ಹೆಡ್ ಮಾಸ್ತರರು ಅಂದಾಜಿನಲ್ಲಿ ಬರೆದ ತಾರೀಕು ಅದು. ಆ ಕಾಲದ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ. ತಾಯಿ ಏನು ಹೇಳುತ್ತಿದ್ದರು, ಯಾವ ಹಬ್ಬದ ಹತ್ತಿರ, ಯಾವ ಜಾತ್ರೆಯ ಮುಂದೆ ಅಂತ ಕೇಳಿ. ಎರಡನ್ನೂ ಬರೆಯಿರಿ.

1948ಕ್ಕಿಂತ ಹಿಂದಿನ ಕಾಗದ ಸಿಕ್ಕರೆ ಅದು ಉರ್ದುವಿನಲ್ಲಿ ಇರಬಹುದು. ವರ್ಷ ಫಸಲಿಯಲ್ಲಿ, ಅಂದರೆ ಆಗಿನ ಕಂದಾಯ ಲೆಕ್ಕದ ಇಸವಿಯಲ್ಲಿ ಇರಬಹುದು. ಲೆಕ್ಕ ಸುಲಭ. ನಿಜಾಮರ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿಂದ ಶುರುವಾಗುತ್ತದೆ. ಡಿಸೆಂಬರ್ ಮುಗಿಯುವವರೆಗೆ 590 ಕೂಡಿಸಿ, ಜನವರಿಯಿಂದ ಮುಂದಕ್ಕೆ 591. ಅಂದರೆ 1352 ಫಸಲಿ ಅನ್ನುವುದು 1942ರ ಅಕ್ಟೋಬರಿನಿಂದ 1943ರ ಅಕ್ಟೋಬರಿನ ತನಕ. ಉರ್ದು ಓದಲು ಬರದಿದ್ದರೆ ಓದಿ ಹೇಳುವವರು ಕಲಬುರಗಿ, ಬೀದರಿನಲ್ಲಿ ಸುಲಭವಾಗಿ ಸಿಗುತ್ತಾರೆ.

ಊರಿನ ಜಿಲ್ಲೆಯೂ ಬದಲಾಗಿರುತ್ತದೆ. 2009ರ ತನಕ ಯಾದಗಿರಿ ಕಲಬುರಗಿ ಜಿಲ್ಲೆಯಲ್ಲೇ ಇತ್ತು. 1956ಕ್ಕೆ ಮುಂಚಿನ ಬೀದರ್ ಜಿಲ್ಲೆಯ ಉದಗೀರ ಈಗ ಮಹಾರಾಷ್ಟ್ರದಲ್ಲಿದೆ, ನಾರಾಯಣಖೇಡ ತೆಲಂಗಾಣದಲ್ಲಿದೆ. ‘ಬೀದರ್ ಜಿಲ್ಲೆಯವರು’ ಅಂತ ಬರೆಯುವ ಮುಂಚೆ ಯಾವ ಕಾಲದ ಬೀದರ್ ಅಂತ ನೋಡಿಕೊಳ್ಳಿ.

4. ಮೊದಲ ಭೇಟಿ ಬರೀ ಚಹಾಕ್ಕೆ

ಫೋನ್ ಮಾಡಿ, ಅವರಿಗೆ ಅನುಕೂಲವಾದ ಹೊತ್ತು ಕೇಳಿ ಹೋಗಿ. ಬೇಸಿಗೆಯಾದರೆ ಮುಂಜಾನೆ ಎಂಟರೊಳಗೆ. ಮಧ್ಯಾಹ್ನ ನಮ್ಮ ಕಡೆ ಮನುಷ್ಯ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಮೊದಲ ದಿನ ರೆಕಾರ್ಡಿಂಗ್ ಬೇಡ. ಅವರ ಪುಸ್ತಕ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಷ್ಟು ಸಾಕು. ಅವರ ಮುಖ ಬೇರೆಯೇ ಆಗುತ್ತದೆ.

ಎರಡನೇ ದಿನ ಕೇಳಿಕೊಂಡು ರೆಕಾರ್ಡ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಕೂಲರ್ ನಿಲ್ಲಿಸಲು ಕೇಳಿ, ಸಂಕೋಚ ಬೇಡ. ಮಾಸ್ತರರ ಜೊತೆ ಮೇ ತಿಂಗಳಲ್ಲಿ ಒಂದೂವರೆ ತಾಸು ಮಾತಾಡಿದ್ದೆ. ಮನೆಗೆ ಬಂದು ಕೇಳಿದರೆ ಬರೀ ಕೂಲರಿನ ಸದ್ದು. ನಡುನಡುವೆ ನಾನು ‘ಹೌದಾ ಸರ್, ಹೌದಾ ಸರ್’ ಅನ್ನುವುದು ಮಾತ್ರ ಸ್ಪಷ್ಟ. ಮತ್ತೆ ಅದೇ ಪ್ರಶ್ನೆ ಕೇಳಿದಾಗ ಅವರು ಹೇಳಿದರು, ಆದರೆ ಮೊದಲ ಸಲದ ಹಾಗೆ ಹೇಳಲಿಲ್ಲ.

5. ವಸ್ತುಗಳ ಬಗ್ಗೆ ಕೇಳಿ

‘ನಿಮಗೆ ಪ್ರೇರಣೆ ಯಾರು?’ ಈ ಪ್ರಶ್ನೆಯನ್ನು ಮರೆತುಬಿಡಿ. ಅದಕ್ಕೆ ಬರುವ ಉತ್ತರ ವೇದಿಕೆಯ ಮೇಲಿನ ಉತ್ತರ. ಬಸವಣ್ಣ, ಬೇಂದ್ರೆ, ತಂದೆ-ತಾಯಿ. ಸುಳ್ಳಲ್ಲ, ಆದರೆ ಅದರಿಂದ ಒಂದು ವಾಕ್ಯವೂ ಮುಂದಕ್ಕೆ ಹೋಗುವುದಿಲ್ಲ.

ಬದಲಿಗೆ ಕೈಗೆ ಸಿಗುವ ಸಂಗತಿ ಕೇಳಿ. ಎಲ್ಲಿ ಕುಳಿತು ಬರೆಯುತ್ತಿದ್ದಿರಿ? ಯಾವ ಹೊತ್ತಿಗೆ? ಆಗ ಮನೆಯಲ್ಲಿ ಎಷ್ಟು ಜನ ಇದ್ದರು? ಕರೆಂಟ್ ಇತ್ತೋ, ಕಂದೀಲೋ? ಬರೆದದ್ದನ್ನು ಮೊದಲು ಯಾರಿಗೆ ಓದಿ ಹೇಳುತ್ತಿದ್ದಿರಿ? ಪತ್ರಿಕೆಗೆ ಕಳಿಸಿದ ಕವಿತೆ ವಾಪಸ್ ಬಂದರೆ ಆ ಕವರನ್ನು ಏನು ಮಾಡುತ್ತಿದ್ದಿರಿ? ಅಚ್ಚಾದ ಐದುನೂರು ಪ್ರತಿ ಎಲ್ಲಿ ಇಟ್ಟಿದ್ದಿರಿ?

ಈ ಕೊನೆಯ ಪ್ರಶ್ನೆಗೆ ಮಾಸ್ತರರು ನನ್ನನ್ನು ಎಬ್ಬಿಸಿಕೊಂಡು ಒಳಗೆ ಹೋದರು. ಜೋಳದ ಚೀಲದ ಪಕ್ಕದಲ್ಲಿ ಮೂರು ಕಟ್ಟು ಇನ್ನೂ ಇದ್ದವು. ಹುರಿ ಬಿಚ್ಚಿರಲಿಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ಪ್ರಶ್ನೆ ಬಿಡಲೇಬಾರದು. ಮೊದಲು ಕಲಿತ ಅಕ್ಷರ ಯಾವ ಭಾಷೆಯದು? ಈಗಲೂ ಮನಸ್ಸಿನಲ್ಲಿ ಲೆಕ್ಕ ಹಾಕುವುದು ಯಾವ ಭಾಷೆಯಲ್ಲಿ? ಹೈದರಾಬಾದಿನಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೇ ಪಾಠ ಉರ್ದುವಿನಲ್ಲಿ ನಡೆಯುತ್ತಿತ್ತು ಅಂದ ಮೇಲೆ, ಸಾಲಿಯ ಕಥೆ ಊಹಿಸಿಕೊಳ್ಳಿ. ಭಾಲ್ಕಿಯಲ್ಲಿ ಮಠದ ಸ್ವಾಮಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ಗೊತ್ತಿರುವ ಸಂಗತಿ. ಸೊಲ್ಲಾಪುರದಲ್ಲಿ ಹುಟ್ಟಿ ಮರಾಠಿ ಸಾಲಿಯಲ್ಲಿ ಓದಿದ ಜಯದೇವಿತಾಯಿ ಲಿಗಾಡೆ ಕನ್ನಡದಲ್ಲಿ ಸಿದ್ಧರಾಮನ ಪುರಾಣ ಬರೆದರು. 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ. ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಬರೆಯುವಾಗ ಕೈ ಎಲ್ಲಿ ತಡೆಯುತ್ತದೆ ಅನ್ನುವುದನ್ನು ಹೇಳಬಲ್ಲ ಜನ ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ. ಗುರುಮಿಠಕಲ್ ಕಡೆ ತೆಲುಗು, ಔರಾದ ಕಡೆ ಮರಾಠಿ. ಬೆಂಗಳೂರಿನ ಲೇಖಕರಿಗೆ ಕೇಳುವ ಪ್ರಶ್ನೆಗಳ ಪಟ್ಟಿಯಲ್ಲಿ ಇದು ಇರುವುದಿಲ್ಲ.

ಹೊಟ್ಟೆಪಾಡಿನ ಕೆಲಸದ ಬಗ್ಗೆಯೂ ಬಿಡಿಸಿ ಕೇಳಿ. ಗೀತಾ ನಾಗಭೂಷಣರನ್ನೇ ನೋಡಿ. ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದವರು, ಕಲಬುರಗಿಯ ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಕಾರ್ಮಿಕರ ಮಗಳು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಮಾಡುತ್ತಲೇ ಓದು ಮುಂದುವರಿಸಿದರು. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಅದು ಸಿಕ್ಕದ್ದು ಅದೇ ಮೊದಲು. ಎಲ್ಲ ಪರಿಚಯದಲ್ಲೂ ಪ್ರಶಸ್ತಿ ಇರುತ್ತದೆ. ಆದರೆ ಅವರ ಕಾದಂಬರಿಯ ಹೆಂಗಸರ ಮಾತು, ಜಗಳ, ದುಡಿಮೆ ಎಲ್ಲಿಂದ ಬಂತು ಅನ್ನುವುದಕ್ಕೆ ಆ ಮಿಲ್ಲಿನ ಸುತ್ತಲಿನ ಬದುಕು ಹೆಚ್ಚು ಉತ್ತರ ಕೊಡುತ್ತದೆ.

ಉತ್ತರ ಬರುವುದು ತಡವಾದರೆ ನೀವು ಬಾಯಿ ಹಾಕಬೇಡಿ. ಕಾಯಿರಿ. ಇದು ನನಗೆ ಇನ್ನೂ ಪೂರ್ತಿ ಬಂದಿಲ್ಲ.

6. ಒಳಮನೆಯವರನ್ನು ಕೇಳಿ

ಮೊದಲ ಪುಸ್ತಕದ ಖರ್ಚಿನ ಬಗ್ಗೆ ಮಾಸ್ತರರು ‘ಗೆಳೆಯರು ಕೂಡಿ ಸಹಾಯ ಮಾಡಿದರು’ ಅಂದಿದ್ದರು. ನಾನೂ ಹಾಗೇ ಬರೆದೆ, ಅಚ್ಚೂ ಆಯಿತು. ಎರಡನೇ ಸಲ ಬರೆಯಲು ಹೋದಾಗ ಅವರು ಔಷಧಿ ತರಲು ಹೊರಗೆ ಹೋಗಿದ್ದರು. ಮನೆಯಲ್ಲಿ ಅವರ ಹೆಂಡತಿ, ನಾನು ಆಯಿ ಅನ್ನುವವರು, ಇದ್ದರು. ಸುಮ್ನೆ ಮಾತಿಗೆ ಕೇಳಿದೆ. ‘ಗೆಳ್ಯಾರು ಕೊಟ್ಟಾರ, ಖರೇ ಅದ. ಅದು ಸಾಲದೇ ನನ್ನ ಪಾಟ್ಲಿ ಹೋದವು’ ಅಂದರು. ಪಾಟ್ಲಿ ಅಂದರೆ ಕೈಯ ಬಂಗಾರದ ಬಳೆ. ಸಿಟ್ಟಿನಿಂದ ಹೇಳಲಿಲ್ಲ. ಸೊಪ್ಪು ಬಿಡಿಸುತ್ತಾ ಹೇಳಿದರು. ಕವಿತೆಗಳ ಶುದ್ಧ ಪ್ರತಿ ಮಾಡಿದ್ದೂ ಅವರೇ. ಕಲಿತದ್ದು ನಾಲ್ಕನೇ ಇಯತ್ತೆ.

ಹೀಗೆ ಎರಡು ಮಾತು ಬಂದಾಗ ಒಂದನ್ನು ಸುಳ್ಳು ಅಂತ ತಳ್ಳಬೇಡಿ. ಕಾಗದ ಇದೆಯಾ ನೋಡಿ: ಹಳೆಯ ಪತ್ರ, ಮುದ್ರಣಾಲಯದ ರಸೀದಿ, ಪುಸ್ತಕದ ಅರ್ಪಣೆ. ಇಲ್ಲದಿದ್ದರೆ ‘ಅವರು ಹೀಗೆ ನೆನೆಯುತ್ತಾರೆ, ಇವರು ಹೀಗೆ’ ಅಂತ ಎರಡನ್ನೂ ಇಡಿ. ಆದರೆ ಮನೆಯವರ ಮಾತನ್ನು ಅಚ್ಚಿಗೆ ಕೊಡುವ ಮುಂಚೆ ಅವರನ್ನೇ ಕೇಳಬೇಕು. ಆಯಿಯನ್ನು ಕೇಳಿದೆ. ‘ಬರಿ, ಅದರಾಗೇನದ’ ಅಂದರು. ಬೇಡ ಅಂದಿದ್ದರೆ ಬಿಡುತ್ತಿದ್ದೆ. ಸಾಲ, ಕುಡಿತ, ಅಣ್ಣತಮ್ಮಂದಿರ ಜಗಳ ಎಲ್ಲವೂ ಕಿವಿಗೆ ಬೀಳುತ್ತದೆ. ಬರಹಕ್ಕೆ ಸಂಬಂಧ ಇಲ್ಲದ್ದನ್ನು ಅಲ್ಲೇ ಬಿಟ್ಟು ಬನ್ನಿ.

7. ಈಗ ಬರೆಯಿರಿ

ಮೊದಲ ವಾಕ್ಯ ‘ಜನಿಸಿದರು’ ಅಂತ ಮುಗಿಯದಿರಲಿ. ನನ್ನ ಹಳೆಯ ಲೇಖನ ಶುರುವಾದದ್ದು ಹೀಗೆ:

‘ಬಡತನದಲ್ಲಿ ಅರಳಿದ ಅಪರೂಪದ ಪ್ರತಿಭೆಯಾದ ಶ್ರೀಯುತರು ಬಾಲ್ಯದಿಂದಲೇ ಸಾಹಿತ್ಯದಲ್ಲಿ ಅಪಾರ ಆಸಕ್ತಿ ಹೊಂದಿದ್ದರು.’

ಹೆಸರು ತೆಗೆದು ಇದನ್ನು ಯಾರ ಮೇಲೆ ಬೇಕಾದರೂ ಅಂಟಿಸಬಹುದು. ಎರಡನೇ ಸಲ ಹೀಗೆ ಬರೆದೆ:

‘ಮಾಸ್ತರರು ಕವಿತೆ ಬರೆಯುತ್ತಿದ್ದದ್ದು ಹಾಜರಿ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ. ವರ್ಷ ಮುಗಿದರೆ ಹಾಜರಿ ಪುಸ್ತಕ ಸಾಲಿಗೆ ಒಪ್ಪಿಸಬೇಕು. ಹಾಗಾಗಿ ಪ್ರತಿ ಏಪ್ರಿಲ್‌ನಲ್ಲಿ ಅವರ ಹೆಂಡತಿ ಎರಡು ರಾತ್ರಿ ಕುಳಿತು ವರ್ಷದ ಕವಿತೆಗಳನ್ನೆಲ್ಲ ನಕಲು ಮಾಡಿಕೊಳ್ಳುತ್ತಿದ್ದರು.’

ಇಲ್ಲಿ ಬಡತನ ಅನ್ನುವ ಶಬ್ದವೇ ಇಲ್ಲ. ಬೇಕೂ ಇಲ್ಲ.

ಬರೆದು ಮುಗಿಸಿದ ಮೇಲೆ ‘ಅಪಾರ’, ‘ಮೇರು’, ‘ಅನನ್ಯ’, ‘ಸಾಹಿತ್ಯ ಕೃಷಿ’, ‘ಎಲೆಮರೆಯ ಕಾಯಿ’ ಇವನ್ನು ಹುಡುಕಿ ಅಳಿಸಿ. ಲೇಖನ ಒಂದು ಪುಟ ಸಣ್ಣದಾಗುತ್ತದೆ. ಪ್ರಶಸ್ತಿಗಳು ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಬರಲಿ. ಕವಿತೆಯ ಸಾಲು ಕೊಡುವುದಾದರೆ ನಾಲ್ಕೈದು ಸಾಲು ಸಾಕು. ಇಡೀ ಕವಿತೆ ಬೇಕಾದರೆ ಅವರನ್ನೋ ಮನೆಯವರನ್ನೋ ಕೇಳಿ. ಲೇಖಕರು ತೀರಿಕೊಂಡ ಮೇಲೂ ಹಕ್ಕು 60 ವರ್ಷ ಮನೆಯವರದ್ದೇ ಇರುತ್ತದೆ.

ಇನ್ನು ಭಾಷೆ. ನಿಮ್ಮ ಮಾತು ಬರಹದ ಕನ್ನಡದಲ್ಲಿ ಇರಲಿ, ಅವರ ಮಾತು ಅವರದ್ದೇ ಆಗಿರಲಿ. ಅದನ್ನು ಇಸ್ತ್ರಿ ಮಾಡಬೇಡಿ. ಅಂಬೇಡ್ಕರ್ ಬಗ್ಗೆ ಚೆನ್ನಣ್ಣ ವಾಲೀಕಾರರು ಬರೆದ ‘ನೀ ಹೋದ ಮರುದಿನ’ ಊರೂರಲ್ಲಿ ಹಾಡಾಗಿ ಉಳಿದದ್ದು ಈ ನೆಲದ ಮಾತಿನಲ್ಲಿ ಇದ್ದದ್ದಕ್ಕೇ. ಹಾಗಂತ ಉತ್ತರ ಕರ್ನಾಟಕದ್ದೆಲ್ಲ ಒಂದೇ ಅಂತ ಧಾರವಾಡದ ‘ಐತಿ’ ತಂದು ಹಾಕಬೇಡಿ. ನಮ್ಮಲ್ಲಿ ‘ಅದ’. ಅಲ್ಲಿ ‘ಬರಾಕತ್ತಾರ’, ಇಲ್ಲಿ ‘ಬರ್ಲತ್ತಾರ’. ರೆಕಾರ್ಡಿಂಗ್ ಮತ್ತೆ ಕೇಳಿ, ಕಿವಿಗೆ ಬಿದ್ದ ಹಾಗೆ ಬರೆಯಿರಿ. ಜರಾ, ಖರೇ, ತಾಸು, ಇಯತ್ತೆ ಇವಕ್ಕೆ ಅರ್ಥ ಬರೆಯುತ್ತಾ ಕೂಡಬೇಡಿ. ವಾಕ್ಯ ಸರಿಯಾಗಿದ್ದರೆ ಮೈಸೂರಿನವರಿಗೂ ತಿಳಿಯುತ್ತದೆ.

8. ಅಚ್ಚಿಗೆ ಮುಂಚೆ ಅವರ ಮುಂದೆ ಓದಿ

ಕಳಿಸಿ ಕೊಡಬೇಡಿ. ಹೋಗಿ, ಕುಳಿತು, ಜೋರಾಗಿ ಓದಿ. ಹೆಸರು, ಇಸವಿ, ಊರು ತಪ್ಪಿದ್ದರೆ ಅಲ್ಲೇ ತಿದ್ದಿಕೊಳ್ಳಿ. ನಿಮ್ಮ ಅಭಿಪ್ರಾಯವನ್ನು ಮಾತ್ರ ತಿದ್ದಲು ಬಿಡಬೇಡಿ, ಅದು ನಿಮ್ಮದು.

ಎರಡನೇ ಲೇಖನವನ್ನು ನಾನು ಹೀಗೇ ಓದಿದೆ. ಮಾಸ್ತರರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೊದಲ ಕವಿತೆ ಪತ್ರಿಕೆಯಲ್ಲಿ ಬಂದ ದಿನ ಅವರ ತಾಯಿ ಆಡಿದ ಮಾತು ಅದರಲ್ಲಿತ್ತು. ಹಳೆಯ ಲೇಖನದಿಂದ ಎತ್ತಿ ಹಾಗೇ ಹಾಕಿದ್ದೆ: ‘ಇದಕ್ಕೆ ಎಷ್ಟು ಹಣ ಕೊಟ್ಟರು ಮಗನೇ?’ ಬಾಗಿಲ ಹತ್ತಿರ ಕುಳಿತಿದ್ದ ಆಯಿ ನಕ್ಕುಬಿಟ್ಟರು. ‘ನಮ್ಮತ್ತಿ ಹಣ ಅಂದದ್ದು ನಾ ಒಮ್ಮೆನೂ ಕೇಳಿಲ್ಲ. ರೊಕ್ಕ ಅಂತಿದ್ಳು. ಮಗನೇ ಅಂತನೂ ಕರೀತಿದ್ದಿಲ್ಲ.’ ಹಾಗಾದರೆ ಏನಂತ ಕರೆಯುತ್ತಿದ್ದರು ಅಂತ ಕೇಳಿದೆ. ಮಾಸ್ತರರು ಕಣ್ಣು ತೆರೆದು ತಾವೇ ಹೇಳಿದರು: ‘ಇದಕ್ಕ ರೊಕ್ಕ ಎಷ್ಟ್ ಕೊಟ್ರೋ ಮಾಸ್ತರಾ? ಆಗಿನ್ನೂ ನನಗ ನೌಕ್ರಿ ಸಿಕ್ಕಿದ್ದಿಲ್ಲ. ಚಾಷ್ಟಿಗೆ ಮಾಸ್ತರಾ ಅಂತಿದ್ಳು.’ ಮೂರು ಭೇಟಿಯಲ್ಲಿ ಸಿಗದ ಸಂಗತಿ ಅದು.

ರೆಕಾರ್ಡಿಂಗನ್ನು ಎರಡು ಕಡೆ ಇಡಿ, ಕಡತದ ಹೆಸರಿನಲ್ಲೇ ತಾರೀಕು ಹಾಕಿ. ಅಚ್ಚಾದ ಮೇಲೆ ಅವರ ಮನೆಗೆ ಎರಡು ಪ್ರತಿ ಕೊಡಿ. ಒಂದನ್ನು ಲೇಖಕರು ಬಂದವರಿಗೆಲ್ಲ ತೋರಿಸಿ ಎಲ್ಲೋ ಕಳೆಯುತ್ತಾರೆ. ಎರಡನೆಯದನ್ನು ಆಯಿಯ ಕೈಗೆ ಕೊಡಿ.